ವಸ್ತುವಿಗೂ ಒಂದು ತವರುಂಟು

"ಸಾರ್, ನಮ್ಮ ಕಡೆಯ ಹಳೆಯ ವಸ್ತುಗಳು ಲಂಡನ್ನಿನಲ್ಲಿವೆಯಂತೆ. ಅವು ಅಲ್ಲಿಗೆ ಹೋದದ್ದು ಹೇಗೆ?" ಎಂದು ಎಂಟನೆಯ ತರಗತಿಯ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು. ಪ್ರಶ್ನೆ ಚಿಕ್ಕದು; ಉತ್ತರ ಚಿಕ್ಕದಲ್ಲ.

ಕೊಯಮತ್ತೂರಿನಿಂದ ಕಾಣುವ ನೀಲಗಿರಿಯನ್ನೇ ನೋಡೋಣ. ಬಹುಕಾಲ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಆ ಬೆಟ್ಟಗಳಿಗೆ 1868ರಲ್ಲಿ ಪ್ರತ್ಯೇಕ ಕಮಿಷನರ್ ಬಂದರು. ಅವರೇ ಬ್ರೀಕ್ಸ್. ಅವರು ಅಲ್ಲಿನ ಪುರಾತನ ಕಲ್ಲುಗೋರಿಗಳನ್ನು ಅಗೆಸಿದರು. ಮುಚ್ಚಳದ ಮೇಲೆ ಎಮ್ಮೆ, ಹಕ್ಕಿಗಳ ಗೊಂಬೆಗಳಿರುವ ಮಡಕೆಗಳು ದೊರೆತವು. ಅಂಥ ನೀಲಗಿರಿ ವಸ್ತುಗಳಲ್ಲಿ ಕೆಲವು ಚೆನ್ನೈಯಲ್ಲಿವೆ, ಕೆಲವು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

ಆಫ್ರಿಕದ ಕಥೆ ಇನ್ನೂ ಕಠೋರವಾದುದು. ಇಂದಿನ ನೈಜೀರಿಯದಲ್ಲಿರುವ ಬೆನಿನ್ ನಗರಕ್ಕೆ 1897ರಲ್ಲಿ ಬ್ರಿಟಿಷ್ ಸೈನ್ಯ ನುಗ್ಗಿ, ಅರಮನೆಯ ಹಿತ್ತಾಳೆ ಫಲಕಗಳನ್ನೂ ದಂತದ ಕೆತ್ತನೆಗಳನ್ನೂ ದೋಚಿತು. ಅವು ಹಲವು ದೇಶಗಳಿಗೆ ಚದುರಿದವು. ಆಫ್ರಿಕದ ಮತ್ತು ಯೂರೋಪಿನ ವಿದ್ವಾಂಸರು ಕೂಡಿ ಐದು ಸಾವಿರಕ್ಕೂ ಹೆಚ್ಚು ವಸ್ತುಗಳ ಪಟ್ಟಿಯನ್ನು ಸಿದ್ಧಪಡಿಸಿ 2022ರಲ್ಲಿ ಪ್ರಕಟಿಸಿದರು. ಅದರಲ್ಲಿ ವಸ್ತುಗಳಿಗೆ ಅಲ್ಲಿನ ಎದೊ ಭಾಷೆಯ ಹೆಸರುಗಳೂ ಇವೆ. ಅದೇ ವರ್ಷ ಜರ್ಮನಿಯು 20 ವಸ್ತುಗಳನ್ನು ನೈಜೀರಿಯಕ್ಕೆ ಒಪ್ಪಿಸಿತು.

"ಅವರು ಕಾಪಾಡದಿದ್ದರೆ ಅವು ಹಾಳಾಗುತ್ತಿದ್ದವು" ಎನ್ನುವವರಿದ್ದಾರೆ. ಇರಬಹುದು. ಆದರೆ ನೆರೆಮನೆಯ ಹಸುವಿಗೆ ಮೇವು ಹಾಕಿದ ಮಾತ್ರಕ್ಕೆ ಅದು ನಮ್ಮದಾಗುವುದೇ? ಹಾಗೆಂದು ಹೊರದೇಶದಲ್ಲಿರುವುದೆಲ್ಲ ಕದ್ದದ್ದೆಂದು ಕೂಗುವುದೂ ಸರಿಯಲ್ಲ. ಕೊಂಡದ್ದುಂಟು, ಕೊಟ್ಟದ್ದುಂಟು, ಕಿತ್ತುಕೊಂಡದ್ದೂ ಉಂಟು. ಯಾವುದು ಹೇಗೆಂದು ತಿಳಿಯಲು ಎರಡೂ ಕಡೆಯವರು ಕೂಡಿ ಕುಳಿತುಕೊಳ್ಳಬೇಕು. ಅವರಲ್ಲಿ ದಾಖಲೆಯಿದೆ, ನಮ್ಮಲ್ಲಿ ಹೆಸರೂ ನೆನಪೂ ಇವೆ.

ದಾಖಲೆಯ ಬೆಲೆಗೆ ನಮ್ಮ ನಾಡಿನದೇ ನಿದರ್ಶನವುಂಟು. ಕುಂಭಕೋಣದ ಬಳಿಯ ದೇವಾಲಯದ ತಿರುಮಂಗೈ ಆಳ್ವಾರರ ಕಂಚಿನ ವಿಗ್ರಹವು ಆಕ್ಸ್‌ಫರ್ಡಿನ ವಸ್ತುಸಂಗ್ರಹಾಲಯ ಸೇರಿತ್ತು. 1967ರಲ್ಲಿ ಅವರು ಅದನ್ನು ಹರಾಜಿನಲ್ಲಿ ಕೊಂಡಿದ್ದರು. 1957ರಲ್ಲಿ ತೆಗೆದ ಒಂದು ಛಾಯಾಚಿತ್ರ ಪುದುಚೇರಿಯಲ್ಲಿತ್ತು, ಅದೇ ಸಾಕ್ಷಿಯಾಯಿತು. ವಿಗ್ರಹವನ್ನು ಹಿಂದಿರುಗಿಸಲು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯವು 2024ರಲ್ಲಿ ಒಪ್ಪಿತು. ಆ ಒಂದು ಚಿತ್ರವಿಲ್ಲದಿದ್ದರೆ?

ಮಕ್ಕಳೇ, ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಮಗ್ಗದ ಲಾಳಿಯಿರಬಹುದು, ಅಜ್ಜಿಯ ತವರಿನ ಹಿತ್ತಾಳೆ ಚೆಂಬಿರಬಹುದು. ಹಳೆಯ ಸಾಮಾನಿನವನಿಗೆ ತೂಕಕ್ಕೆ ಹಾಕುವ ಮೊದಲು ಅದು ಯಾರದು, ಎಲ್ಲಿಂದ ಬಂತು, ಕನ್ನಡದಲ್ಲಿ ಅದಕ್ಕೇನೆನ್ನುತ್ತಾರೆ ಎಂದು ಕೇಳಿ ಬರೆದಿಡಿ. ತಂದೆತಾಯಿಗಳೇ, ಮಕ್ಕಳು ಕೇಳಿದಾಗ "ಹೋಗು, ಪಾಠ ಓದು" ಎನ್ನಬೇಡಿ. ಇದೂ ಪಾಠವೇ. ಹೇಳಬಲ್ಲ ಹಿರಿಯರು ಇರುವಾಗಲೇ ಕೇಳಬೇಕು.