ನೌಕರಿ ಕೊಡುವವರನ್ನೂ ವಿಚಾರಿಸಬೇಕು

ಎತ್ತು ಕೊಳ್ಳಲು ಸಂತೆಗೆ ಹೋದ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿಯೂ ನೋಡುತ್ತಾನೆ. ಹೆಣ್ಣು ಕೊಡುವವರು ವರನ ಮನೆತನವನ್ನು ಮೂರು ಊರುಗಳಲ್ಲಿ ವಿಚಾರಿಸುತ್ತಾರೆ. ಅದೇ ಮನೆಯ ಮಗ ನೌಕರಿಗೆ ಸೇರುವಾಗ ಮಾತ್ರ ಕಂಪನಿಯ ಹೆಸರು ಮತ್ತು ಸಂಬಳ ಇವೆರಡನ್ನೇ ಕೇಳಿಕೊಂಡು ಬಸ್ಸು ಹತ್ತುತ್ತಾನೆ. ಕಂಪನಿಯಾದರೋ ಅವನ ಅಂಕಪಟ್ಟಿ, ಆರೋಗ್ಯ, ಪೂರ್ವಾಪರಗಳನ್ನೆಲ್ಲ ಸೋಸಿ ನೋಡಿರುತ್ತದೆ.

ಘಟ್ಟದ ಓದುಗರಿಗೆ ಕೊಪ್ಪಳ ದೂರದ ಬಯಲುಸೀಮೆ ಎನಿಸಬಹುದು. ಆದರೆ ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆಯರ ನೀರೇ ಮುನಿರಾಬಾದಿನ ಅಣೆಕಟ್ಟಿನಲ್ಲಿ ನಿಂತು ಆ ಜಿಲ್ಲೆಯ ಗದ್ದೆಗಳನ್ನು ಸೇರುತ್ತದೆ. ಬೆಟ್ಟದ ಮಕ್ಕಳೂ ಬಯಲಿನ ಮಕ್ಕಳೂ ನಿಲ್ಲುವುದು ನೌಕರಿಯ ಒಂದೇ ಸಾಲಿನಲ್ಲಿ.

ಕುಕನೂರು ತಾಲ್ಲೂಕಿನ ತಳಕಲ್ಲಿನಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. 2025ರ ಮೇ ತಿಂಗಳಿನಲ್ಲಿ ಅಲ್ಲಿಂದ ಕುಷ್ಟಗಿಗೆ ರೈಲೂ ಓಡತೊಡಗಿತು. ಸಮೀಪದ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಉದ್ಯಮ ಸಮುಚ್ಚಯವನ್ನು 2020ರಲ್ಲಿ ಪ್ರಕಟಿಸಿದಾಗ ಕೊಟ್ಟ ಭರವಸೆ, 5,000 ಕೋಟಿ ರೂಪಾಯಿ ಹೂಡಿಕೆ ಮತ್ತು ಐದು ವರ್ಷಗಳಲ್ಲಿ 40,000 ಉದ್ಯೋಗ. 2025ರ ಫೆಬ್ರವರಿಯಲ್ಲಿ ಬಲ್ಡೋಟ ಸಮೂಹವು ಕೊಪ್ಪಳಕ್ಕೆ 54,000 ಕೋಟಿಯ ಉಕ್ಕಿನ ಕಾರ್ಖಾನೆಯನ್ನೂ 15,000 ಉದ್ಯೋಗಗಳನ್ನೂ ಪ್ರಕಟಿಸಿತು. ಅದೇ ತಿಂಗಳ 24ರಂದು ಕೊಪ್ಪಳ ನಗರ ಬಂದ್ ಆಚರಿಸಿತು. ಉದ್ಯೋಗದ ಸಂಖ್ಯೆ ಭೂಮಿ ಕೇಳುವ ದಿನ ಬಹಳ ದೊಡ್ಡದಾಗಿ ಕೇಳಿಸುತ್ತದೆ. ಅದನ್ನು ಎಣಿಸಿ ನೋಡುವ ಕೆಲಸ ಯಾರದು? ವಿದ್ಯಾರ್ಥಿಯೂ ಎಣಿಸಬಲ್ಲ.

ನೌಕರರ ಭವಿಷ್ಯನಿಧಿ ಸಂಘಟನೆಯ ಜಾಲತಾಣದಲ್ಲಿ ಸಂಸ್ಥೆಯ ಹೆಸರು ಹುಡುಕಿದರೆ, ಯಾವ ತಿಂಗಳು ಎಷ್ಟು ಜನರ ಪರವಾಗಿ ಹಣ ಕಟ್ಟಲಾಗಿದೆ ಎಂಬುದು ಕಾಣುತ್ತದೆ. ಬೇರೆ ಊರಿನ ಘಟಕಗಳೂ ಅದೇ ಲೆಕ್ಕದಲ್ಲಿ ಸೇರಿರಬಹುದು, ಗುತ್ತಿಗೆದಾರನ ಆಳುಗಳು ಬೇರೆ ಹೆಸರಿನಡಿ ಇರಬಹುದು. ಆದರೂ ಹಣ ತಿಂಗಳು ತಿಂಗಳು ಕಟ್ಟಿದೆಯೋ ತಡವಾಗಿದೆಯೋ ಎಂಬುದು ಸಂಸ್ಥೆಯ ನಾಡಿ ಹಿಡಿದಂತೆ. ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು 2022–23ರಿಂದ ತಮ್ಮ ವಾರ್ಷಿಕ ವರದಿಯಲ್ಲಿ ಕಾಯಂ ನೌಕರರೆಷ್ಟು, ಕಾಯಮಲ್ಲದವರೆಷ್ಟು, ವರ್ಷದಲ್ಲಿ ಬಿಟ್ಟುಹೋದವರ ಪ್ರಮಾಣವೇನು, ಅಪಘಾತಗಳೆಷ್ಟು ಎಂಬುದನ್ನು ಕಡ್ಡಾಯವಾಗಿ ಹೇಳಬೇಕು. ಸಂದರ್ಶನಕ್ಕೆ ಹೋಗುವ ಹುಡುಗ ಹೊಳೆಯುವ ಮೊದಲ ಪುಟಗಳನ್ನು ದಾಟಿ ಆ ಕೋಷ್ಟಕವನ್ನು ಓದಬೇಕು.

ಎಲ್ಲಕ್ಕಿಂತ ಮುಖ್ಯವಾದುದು ನೇಮಕಾತಿ ಪತ್ರದಲ್ಲಿರುವ ಹೆಸರು. ಗೇಟಿನ ಮೇಲೆ ಒಂದು ಕಂಪನಿ, ಪತ್ರದ ಮೇಲೆ ಇನ್ನೊಬ್ಬ ಗುತ್ತಿಗೆದಾರ ಎಂಬ ಸ್ಥಿತಿ ಸಾಮಾನ್ಯ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿವೆ. ನಿಗದಿತ ಅವಧಿಯ ನೌಕರನಿಗೂ ಒಂದು ವರ್ಷದ ಸೇವೆಗೆ ಉಪದಾನದ ಹಕ್ಕು ನೀಡಿವೆ. ‘ಅಪ್ರೆಂಟಿಸ್’ ಎಂದು ಸೇರಿಸಿಕೊಂಡರೆ ಮಾತೇ ಬೇರೆ. 1961ರ ಕಾಯ್ದೆಯ ಪ್ರಕಾರ ಅವನು ಕಾರ್ಮಿಕನಲ್ಲ, ತರಬೇತಿ ಪಡೆಯುವವನು. ಮುಗಿದ ಮೇಲೆ ನೌಕರಿ ಕೊಡಲೇಬೇಕೆಂದಿಲ್ಲ. ಕೆಲಸ ಕಲಿಯಲು ಅದು ಒಳ್ಳೆಯ ದಾರಿಯೇ, ಆದರೆ ಅದನ್ನು ನೌಕರಿಯೆಂದು ನಂಬಿ ಸಾಲ ಮಾಡಬಾರದು. ಸೇರುವ ಮೊದಲೇ ಠೇವಣಿ ಕೇಳುವವರನ್ನಂತೂ ವಿಚಾರಿಸುವುದೂ ಬೇಡ.

ಕಾರ್ಖಾನೆಯಾದರೆ ಅದರ ಗಾಳಿ, ನೀರನ್ನೂ ವಿಚಾರಿಸಬೇಕು. ಊರಿಗಿಂತ ಮೊದಲು ಆ ಧೂಳನ್ನು ಉಸಿರಾಡುವವನು ಒಳಗಿನ ಕಾರ್ಮಿಕ. ಪಾಳಿ ಮುಗಿಸಿ ಹಳ್ಳಿಗೆ ಮರಳಿದರೆ ಮನೆಯಲ್ಲೂ ಅದೇ ಧೂಳು. ಪರಿಸರ ಅನುಮತಿ ಪಡೆದ ಉದ್ಯಮಗಳು ಆರು ತಿಂಗಳಿಗೊಮ್ಮೆ ಷರತ್ತುಗಳ ಪಾಲನಾ ವರದಿ ಸಲ್ಲಿಸಬೇಕು, ಮತ್ತು 2006ರ ಅಧಿಸೂಚನೆಯಂತೆ ಅದು ಸಾರ್ವಜನಿಕ ದಾಖಲೆ. ಕಾರ್ಮಿಕರ ಆರೋಗ್ಯ ತಪಾಸಣೆಯ ಷರತ್ತನ್ನು ಹೇಗೆ ಪಾಲಿಸಲಾಗಿದೆ ಎಂಬುದನ್ನು ಅಲ್ಲಿ ಹುಡುಕಬಹುದು.

ಸ್ವಯಂಸೇವಾ ಸಂಸ್ಥೆಗಳ ವಿಷಯದಲ್ಲಿ ನಮ್ಮವರ ಎಚ್ಚರಿಕೆ ಇನ್ನಷ್ಟು ಸಡಿಲ. ಸೇವೆಯೆಂದ ಮೇಲೆ ಸಂಬಳ, ರಜೆ ಕೇಳುವುದು ಸಣ್ಣತನ ಎಂಬ ಸಂಕೋಚವಿದೆ. ಇದು ಸರಿಯಲ್ಲ. ಅಲ್ಲಿ ಮೊದಲು ಕೇಳಬೇಕಾದುದು ಹಣ ಎಲ್ಲಿಂದ ಬರುತ್ತದೆ, ಯಾವ ದಿನಾಂಕದವರೆಗೆ ಎಂಬುದು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಾದರೆ ಯೋಜನೆ ಮುಗಿದಾಗ ಹುದ್ದೆಯೂ ಮುಗಿಯಬಹುದು. ವಿದೇಶಿ ದೇಣಿಗೆಯಾದರೆ ಅದರ ನೋಂದಣಿ ಐದು ವರ್ಷಗಳದು. ಆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯು ಒಂದು ಸಂಸ್ಥೆ ಇನ್ನೊಂದಕ್ಕೆ ಆ ಹಣ ವರ್ಗಾಯಿಸುವುದನ್ನು ನಿಷೇಧಿಸಿ, ಆಡಳಿತ ವೆಚ್ಚದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿತು. ದೊಡ್ಡ ಸಂಸ್ಥೆಗಳ ಮೂಲಕ ಹಣ ಪಡೆದು ಹಳ್ಳಿಯಲ್ಲಿ ದುಡಿಯುತ್ತಿದ್ದ ಚಿಕ್ಕ ಸಂಸ್ಥೆಗಳಿಗೆ ಇದರ ಪೆಟ್ಟು ಬಿದ್ದಿತು. ಲೆಕ್ಕಪರಿಶೋಧಿತ ವರದಿಯನ್ನು ತೋರಿಸಲು ಹಿಂಜರಿಯುವ ಸಂಸ್ಥೆ, ಅದರ ಧ್ಯೇಯವಾಕ್ಯ ಎಷ್ಟೇ ಸುಂದರವಾಗಿರಲಿ, ಅನುಮಾನಕ್ಕೆ ಅರ್ಹ.

ಕಾಗದಗಳು ಹೇಳದಿರುವುದನ್ನು ಕೆಲಸ ಬಿಟ್ಟು ಬಂದವರು ಹೇಳುತ್ತಾರೆ. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಹೊರಗೆ ದುಡಿಯುವವರು ಊರಿಗೆ ಬರುತ್ತಾರೆ. ಘಟ್ಟದ ಊರುಗಳಲ್ಲಿ ದೀಪಾವಳಿಗೆ ಬರುತ್ತಾರೆ. ಸಂಬಳ ಎಷ್ಟನೆಯ ತಾರೀಖಿಗೆ ಬರುತ್ತಿತ್ತು, ಹೆಚ್ಚುವರಿ ಗಂಟೆಗೆ ಹಣ ಕೊಟ್ಟರೇ, ಕೈಗೆ ಪೆಟ್ಟಾದ ದಿನ ಆಸ್ಪತ್ರೆಗೆ ಕರೆದೊಯ್ದವರು ಯಾರು ಎಂದು ಅವರನ್ನೇ ಕೇಳಬೇಕು, ಒಬ್ಬರನ್ನಲ್ಲ, ಮೂರು ಜನರನ್ನಾದರೂ.