ಅಮಾನತ್ತನ್ನು ಮರಳಿಸುವ ದಿನವೂ ಬರಬೇಕು

ಮಾನಸಿಕ ಕಾಯಿಲೆ ಅಥವಾ ಬೌದ್ಧಿಕ ನ್ಯೂನತೆಯಿರುವ ಬಂಧುವಿನ ಆಸ್ತಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳುವಾಗ ಕುಟುಂಬಗಳಲ್ಲಿ ಕಾಣುವ ಉತ್ಸಾಹವು ಆ ನೇಮಕಾತಿಯನ್ನು ಕೊನೆಗೊಳಿಸುವಾಗ ಕಾಣುವುದಿಲ್ಲ. ಮಾನ್ವಿಯ ಕಾಲುವೆ ನೀರಿನ ಗದ್ದೆಯಾಗಲಿ, ದೇವದುರ್ಗದ ಪಿತ್ರಾರ್ಜಿತ ಮನೆಯಾಗಲಿ, ರಾಯಚೂರಿನ ಬ್ಯಾಂಕಿನಲ್ಲಿರುವ ಠೇವಣಿಯಾಗಲಿ, ಒಮ್ಮೆ ಅಣ್ಣನ ಅಥವಾ ಚಿಕ್ಕಪ್ಪನ ಕೈಸೇರಿದರೆ ಅದು ಅವರದೇ ಎಂಬ ಭಾವನೆ ಬೇರೂರಿಬಿಡುತ್ತದೆ. ವ್ಯಕ್ತಿ ಚೇತರಿಸಿಕೊಂಡರೂ ಆತನ ಸಹಿಗೆ ಬೆಲೆ ಮರಳುವುದಿಲ್ಲ. ಆಕೆ ಸಹೋದರಿಯಾಗಿದ್ದರಂತೂ ಪಾಲಿನ ಮಾತೇ ಏಳುವುದಿಲ್ಲ.

ಇದು ಧರ್ಮಸಮ್ಮತವೇ? ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 5 ಮತ್ತು 6ನೇ ಸೂಕ್ತಗಳು ಅವಿವೇಕಿಗಳ ಕೈಗೆ ಸಂಪತ್ತನ್ನು ಒಪ್ಪಿಸದಂತೆ ತಡೆಯುವುದರ ಜೊತೆಗೇ, ಅನಾಥರಲ್ಲಿ ವಿವೇಕ ಕಂಡುಬಂದಾಗ ಅವರ ಆಸ್ತಿಯನ್ನು ಸಾಕ್ಷಿಗಳ ಸಮಕ್ಷಮ ಮರಳಿಸಬೇಕೆಂದು ಆದೇಶಿಸುತ್ತವೆ. ಪ್ರಾಪ್ತ ವಯಸ್ಕನ ಆಸ್ತಿಯನ್ನು ಅವಿವೇಕದ ಕಾರಣಕ್ಕೆ 25 ವರ್ಷದ ಬಳಿಕವೂ ತಡೆಹಿಡಿಯಲಾಗದು ಎಂಬುದು ಇಮಾಮ್ ಅಬೂ ಹನೀಫಾ(ರ)ರ ನಿಲುವು. ಅವರ ಶಿಷ್ಯರೇ ಇದನ್ನು ಒಪ್ಪಿರಲಿಲ್ಲ. ಆದರೆ ವಿವೇಕ ಮರಳಿದ ಮೇಲೆ ಆಸ್ತಿಯೂ ಮರಳಬೇಕೆಂಬುದರಲ್ಲಿ ಭಿನ್ನಮತವಿರಲಿಲ್ಲ. ವ್ಯಾಪಾರದಲ್ಲಿ ಪದೇ ಪದೇ ಮೋಸಹೋಗುತ್ತಿದ್ದ ಸಹಾಬಿಯೊಬ್ಬರ ಮೇಲೆ ನಿರ್ಬಂಧ ಹೇರಬೇಕೆಂದು ಮನೆಯವರು ಕೋರಿದಾಗ, ಪ್ರವಾದಿ(ಸ)ರು ಕೊನೆಗೆ ಅವರ ವ್ಯವಹಾರದ ಹಕ್ಕನ್ನು ಉಳಿಸಿ, ವಂಚನೆ ಕೂಡದೆಂಬ ಷರತ್ತನ್ನು ಕಲಿಸಿಕೊಟ್ಟರು.

ದೇಶದ ಕಾನೂನೂ ಈಗ ಇದೇ ದಿಕ್ಕಿನಲ್ಲಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಪಾಲಕತ್ವವು ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ತೀರ್ಮಾನಕ್ಕೆ ಮಾತ್ರ ಸೀಮಿತ. ಅದು ಆ ವ್ಯಕ್ತಿಯ ಇಚ್ಛೆಗೆ ಅನುಗುಣವಾಗಿರಬೇಕು. ಬೇರೆ ಕಾನೂನುಗಳಡಿ ನೇಮಕಗೊಂಡ ಪಾಲಕರಿಗೂ ಈ ಮಿತಿ ಅನ್ವಯಿಸುತ್ತದೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ನೇಮಕಗೊಂಡ ಪಾಲಕನು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ ಪ್ರತಿ ವರ್ಷ ಲೆಕ್ಕವನ್ನೂ ಒಪ್ಪಿಸಬೇಕು. ನಿರ್ಲಕ್ಷ್ಯ ಅಥವಾ ದುರುಪಯೋಗ ಕಂಡುಬಂದರೆ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಯು ಆತನನ್ನು ತೆಗೆದುಹಾಕಬಹುದು. ಆದರೆ ದೂರು ಕೊಡಬಲ್ಲವರೆಂದು ಆ ಕಾಯ್ದೆ ಹೆಸರಿಸಿರುವುದು ಹೆತ್ತವರು, ಬಂಧುಗಳು ಮತ್ತು ನೋಂದಾಯಿತ ಸಂಸ್ಥೆಗಳನ್ನು; ಅನ್ಯಾಯಕ್ಕೊಳಗಾದವನನ್ನಲ್ಲ! ಇನ್ನು, 1987ರ ಮಾನಸಿಕ ಆರೋಗ್ಯ ಕಾಯ್ದೆಯು ಆಸ್ತಿ ವ್ಯವಸ್ಥಾಪಕರ ನೇಮಕ ಮತ್ತು ವಜಾದ ಅಧಿಕಾರವನ್ನು ಜಿಲ್ಲಾ ನ್ಯಾಯಾಲಯಕ್ಕೆ ನೀಡಿತ್ತು. 2018ರಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲಿ ಆ ಅಧ್ಯಾಯವೇ ಇಲ್ಲ. ಇದರಿಂದ ಹೈಕೋರ್ಟಿನ ಮೊರೆಹೋಗಬೇಕಾಗಿ ಬಂದರೆ ದೇವದುರ್ಗದ ಬಡವನಿಗೆ ಕಲಬುರಗಿ ಪೀಠವೇ ಗತಿ.

ಸರಕಾರ ಈ ಲೋಪಗಳನ್ನು ತುಂಬಬೇಕು. ದೇವದುರ್ಗ ಮತ್ತು ಮಾನ್ವಿಯಲ್ಲಿಯೇ ಅರ್ಜಿ ಸ್ವೀಕರಿಸುವ ವ್ಯವಸ್ಥೆಯಾಗಬೇಕು. ಆದರೆ ಎಲ್ಲಕ್ಕೂ ಸರಕಾರವನ್ನೇ ಕಾಯಬೇಕಾಗಿಲ್ಲ. ಜಮಾಅತ್‌ಗಳು ತಮ್ಮ ಮೊಹಲ್ಲಾದ ಇಂತಹ ಕುಟುಂಬಗಳನ್ನು ಕರೆದು ಲೆಕ್ಕ ಕೇಳಲಿ. ಗುಣಮುಖರಾದವರಿಗೆ ವೈದ್ಯಕೀಯ ಪ್ರಮಾಣಪತ್ರ ಹಾಗೂ ಕಾನೂನು ನೆರವು ಒದಗಿಸಲಿ. ಪಾಲಕತ್ವವು ಒಡೆತನವಲ್ಲ, ಅಮಾನತ್ತು. ಅದನ್ನು ಸಾಕ್ಷಿಗಳ ಮುಂದೆ ಮರಳಿಸದವನು ಅಲ್ಲಾಹನ ಮುಂದೆ ಲೆಕ್ಕ ಒಪ್ಪಿಸಲೇಬೇಕೆಂಬುದನ್ನು ನಾವು ಮರೆಯದಿರೋಣ.