ಕ್ಷ-ಕಿರಣದ ಸರದಿಯೂ ನಮ್ಮ ಹೆಸರೂ

1967ರ ಮಹಾಜನ ವರದಿ ಕರ್ನಾಟಕಕ್ಕೆ ಸೇರಬೇಕೆಂದ ಪ್ರದೇಶಗಳಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ನಮ್ಮ ಕಾಸರಗೋಡೂ ಇದೆ, ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯೂ ಇದೆ. ವರದಿ ಜಾರಿಯಾಗಲಿಲ್ಲ. ಅಲ್ಲಿನ ಕನ್ನಡಿಗರ ಕಷ್ಟ ನಮಗೆ ಹೊಸತಲ್ಲ.

ಅಕ್ಕಲಕೋಟೆಯ ರೋಗಿಗಳು ಹೆಚ್ಚಿನ ಪರೀಕ್ಷೆಗೆ ಸೊಲ್ಲಾಪುರದ ದೊಡ್ಡ ಆಸ್ಪತ್ರೆಗಳಿಗೆ ಹೋಗುವುದುಂಟು. ದೇಶದ ಇಂಥ ಆಸ್ಪತ್ರೆಗಳ ಕ್ಷ-ಕಿರಣ ವಿಭಾಗಗಳಿಗೆ ಈಗ ಕೃತಕ ಬುದ್ಧಿಮತ್ತೆ ಕಾಲಿಡುತ್ತಿದೆ. 15 ವರ್ಷ ಮತ್ತು ಮೇಲ್ಪಟ್ಟವರ ಎದೆಯ ಚಿತ್ರದಲ್ಲಿ ಕ್ಷಯದ ಗುರುತು ಹುಡುಕಲು ಇದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ. ಸರದಿ ಗೊತ್ತುಮಾಡುವುದು, ತುರ್ತಿನವರನ್ನು ಮುಂದಕ್ಕೆ ತರುವುದು, ಹಳೆಯ ಚಿತ್ರವನ್ನು ಹೊಸದರೊಡನೆ ಜೋಡಿಸುವುದು, ಈ ಗುಮಾಸ್ತರ ಕೆಲಸವೂ ಯಂತ್ರದ ಪಾಲಿಗೆ ಬರುತ್ತಿದೆ. ವೈದ್ಯರ ಕೊರತೆಯಿರುವಲ್ಲಿ ಇದು ಉಪಕಾರವೇ; ನಾವು ವಿರೋಧಿಸುವುದಿಲ್ಲ.

ತೊಡಕಿರುವುದು ಹೆಸರಿನಲ್ಲಿ. ಮಲ್ಲವ್ವ ಎಂಬಾಕೆ ಮರಾಠಿ ದಾಖಲೆಯಲ್ಲಿ ಮಲ್ಲವಾ ಆಗಬಹುದು, ಇಂಗ್ಲಿಷಿನಲ್ಲಿ ಇನ್ನೇನೋ. ಗುಮಾಸ್ತನಾದರೆ ಮುಖ ನೋಡಿ, ಊರು ಕೇಳಿ ಸರಿಪಡಿಸಬಲ್ಲ. ಯಂತ್ರಕ್ಕೆ ಅಕ್ಷರ ಬೇರೆಯಾದರೆ ಆಳೇ ಬೇರೆಯಾಗಬಹುದು. ಹೋದ ವರ್ಷದ ಚಿತ್ರ ಸಿಗದಿದ್ದರೆ ಎದೆಯ ಕಲೆ ಹಳತೋ ಹೊಸತೋ ಎಂದು ವೈದ್ಯರು ಹೇಳುವುದು ಹೇಗೆ? ಮಲೆಯಾಳದಲ್ಲಿ ಬರೆಸಿಕೊಳ್ಳುವ ನಮ್ಮ ಹೆಸರುಗಳಿಗೂ ಈ ಮಾತು ಸಲ್ಲುತ್ತದೆ.

ಆದುದರಿಂದ ಯಂತ್ರ ಬರುವ ಮೊದಲೇ ಕೇಳಬೇಕು: ಹೆಸರನ್ನಷ್ಟೇ ನಂಬದೆ 14 ಅಂಕಿಗಳ ಆಭಾ ಆರೋಗ್ಯ ಸಂಖ್ಯೆಯನ್ನೂ ನೋಡುವ ಏರ್ಪಾಡು, ಅರ್ಜಿಯಲ್ಲಿ ರೋಗಿಯ ಭಾಷೆಗೊಂದು ಅಂಕಣ, ಕನ್ನಡದಲ್ಲಿ ಸರದಿಯ ಸೂಚನೆ, ತಪ್ಪು ತಿದ್ದಲು ಹೊಣೆಗಾರನಾದ ಒಬ್ಬ ಮನುಷ್ಯ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸರಕಾರಕ್ಕೆ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಕನ್ನಡದಲ್ಲೇ ಬರೆಯೋಣ.